ಪುಟ್ಟ ರೈಲುಗಳ ಚರಿತ್ರೆ: ಆಟಿಕೆಯಿಂದ ದಾಖಲೆಯವರೆಗೆ

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಮುಂದೆ ನೆಲದ ಮೇಲೆ ಒಂದು ಪುಟ್ಟ ಉದ್ಯಾನವನ್ನು ನಿರ್ಮಿಸುವ ವಾಡಿಕೆಯುಂಟು. ಮರಳು ಹರಡಿ, ರಾಗಿಯ ಪೈರು ಬೆಳೆಸಿ, ನಡುವೆ ಒಂದು ಕೊಳ. ಕೊಳದ ದಡದಲ್ಲಿ ಆನೆ. ಆನೆಯಷ್ಟೇ ಎತ್ತರದ ಶೆಟ್ಟರ ಅಂಗಡಿ. ಅದರಾಚೆ ಚನ್ನಪಟ್ಟಣದ ಮರದ ರೈಲು. ಇಲ್ಲಿ ಯಾವುದಕ್ಕೂ ಯಾವುದರೊಂದಿಗೂ ಅಳತೆಯ ಸಂಬಂಧವಿಲ್ಲ, ಇರಬೇಕೆಂದು ಯಾರೂ ಅಪೇಕ್ಷಿಸುವುದೂ ಇಲ್ಲ. ಅದು ಆಟದ ಲೋಕ. ಅದರ ಸೊಗಸೇ ಅದು. ಯೂರೋಪಿನ ತಗಡಿನ ರೈಲೂ ಇಂಥದೇ ಲೋಕದಲ್ಲಿ ಹುಟ್ಟಿತು. ಆದರೆ ಅದು ಮುಂದೊಂದು ದಿನ ಅಳತೆಯ ಶಿಸ್ತನ್ನು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ ಅದು ಕೇವಲ ಆಟಿಕೆಯಾಗಿ ಉಳಿಯಲಿಲ್ಲ. ಆ ಬದಲಾವಣೆಯ ಕಥೆಯನ್ನು ಹೇಳುವುದೇ ಈ ಬರಹದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಆಟದ ರೈಲುಗಳಲ್ಲಿ ಹಲವಕ್ಕೆ ಹಳಿಗಳೇ ಇರಲಿಲ್ಲ. ಕೆಲವನ್ನು ದಾರ ಕಟ್ಟಿ ಎಳೆಯಬೇಕಾಗಿತ್ತು. ಇನ್ನು ಕೆಲವು ಸ್ಪಿರಿಟ್ ದೀಪದಿಂದ ನೀರು ಕಾಯಿಸಿಕೊಂಡು, ನೆಲದ ಉದ್ದಕ್ಕೂ ನೀರು ಸೋರಿಸುತ್ತ ಓಡುವ ಹಿತ್ತಾಳೆಯ ಎಂಜಿನ್ನುಗಳು. ಜರ್ಮನಿಯ ಗೋಪಿಂಗೆನ್ ಪಟ್ಟಣದಲ್ಲಿ 1859ರಲ್ಲಿ ಆರಂಭವಾದ ಮೆರ್ಕ್ಲಿನ್ ಸಂಸ್ಥೆ ಮೊದಲು ತಯಾರಿಸುತ್ತಿದ್ದುದು ಗೊಂಬೆಮನೆಗೆ ಬೇಕಾದ ತಗಡಿನ ಪಾತ್ರೆ ಪದಾರ್ಥಗಳನ್ನು. ಗೊಂಬೆಮನೆಯಿರುವ ಮಗುವಿಗೆ ಪ್ರತಿವರ್ಷವೂ ಹೊಸದೊಂದು ಪಾತ್ರೆಯನ್ನೋ ಕುರ್ಚಿಯನ್ನೋ ಕೊಡಿಸಬಹುದು. ರೈಲಿಗೂ ಹಾಗೆಯೇ ಏಕಾಗಬಾರದು? ಈ ಆಲೋಚನೆಯ ಫಲವಾಗಿ 1891ರ ಲೈಪ್‌ಜಿಗ್ ಮೇಳದಲ್ಲಿ ಆ ಸಂಸ್ಥೆ ಕೀಲಿ ಕೊಟ್ಟು ಓಡಿಸುವ ರೈಲನ್ನೂ, ಎಂಟರ ಅಂಕಿಯ ಆಕಾರದಲ್ಲಿ ಜೋಡಿಸಿದ ಹಳಿಗಳನ್ನೂ ಪ್ರದರ್ಶಿಸಿತು. ಮುಖ್ಯವಾದ ಸಂಗತಿ ರೈಲಲ್ಲ, ಹಳಿ. ಎರಡು ಕಂಬಿಗಳ ನಡುವಿನ ಅಂತರಕ್ಕೆ ನಿಗದಿಯಾದ ಅಳತೆಗಳನ್ನು ಇಟ್ಟು, ಅವಕ್ಕೆ ಸಂಖ್ಯೆಗಳನ್ನು ಕೊಟ್ಟಿದ್ದರು. ಇಂದು ಕೊಂಡ ಹಳಿಗೆ ಮುಂದಿನ ವರ್ಷದ ಹಳಿ ಕೂಡಿಕೊಳ್ಳುತ್ತಿತ್ತು. ವ್ಯಾಪಾರದ ಜಾಣ್ಮೆಯಿಂದ ಹುಟ್ಟಿದ ಈ ಏರ್ಪಾಡು ಆಟಿಕೆಯ ಚರಿತ್ರೆಯಲ್ಲಿ ಅಳತೆಯ ಮೊದಲ ಪ್ರವೇಶ. ಒಂದನೆಯ ಸಂಖ್ಯೆಯ ಗೇಜ್ 45 ಮಿಲಿಮೀಟರ್. ಅದಕ್ಕಿಂತ ಚಿಕ್ಕದು ಬೇಕಾದಾಗ ಒಂದಕ್ಕೆ ಮೊದಲಿನ ಸಂಖ್ಯೆಯಾದ ಸೊನ್ನೆಯನ್ನೇ ಹೆಸರಾಗಿಟ್ಟರು. ಸೊನ್ನೆ ಗೇಜ್ ಎಂದರೆ 32 ಮಿಲಿಮೀಟರ್.

ಮೊದಲ ಮಹಾಯುದ್ಧಕ್ಕೆ ಮುಂಚೆ ಇಂಗ್ಲೆಂಡಿನ ಮಕ್ಕಳು ಆಡುತ್ತಿದ್ದ ರೈಲುಗಳಲ್ಲಿ ಬಹುಪಾಲು ಜರ್ಮನಿಯಿಂದ ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಜರ್ಮನಿಯ ಸಾಮಾನುಗಳನ್ನು ಕೊಳ್ಳುವ ಮನಸ್ಸು ಅಲ್ಲಿನ ಜನಕ್ಕೆ ಇರಲಿಲ್ಲ. ಆ ತೆರವನ್ನು ತುಂಬಿದವರು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. ರಂಧ್ರಗಳುಳ್ಳ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಜೋಡಿಸುವ ಆಟಕ್ಕೆ 1901ರಲ್ಲಿ ಪೇಟೆಂಟ್ ಪಡೆದು, ಅದನ್ನು ಮೆಕ್ಯಾನೊ ಎಂಬ ಹೆಸರಿನಲ್ಲಿ ಪ್ರಸಿದ್ಧಗೊಳಿಸಿದವರೂ ಅವರೇ. 1920ರಲ್ಲಿ ಅವರು ಹೊರತಂದ ಸೊನ್ನೆ ಗೇಜಿನ ರೈಲನ್ನು ಮೆಕ್ಯಾನೊದಂತೆಯೇ ಬಿಚ್ಚಿ ಮತ್ತೆ ಜೋಡಿಸಬಹುದಾಗಿತ್ತು.

ಇಷ್ಟಾದರೂ ಹಳಿಯ ಅಗಲಕ್ಕೆ ಮಾತ್ರ ನಿಯಮ ಬಂದಿತ್ತೇ ಹೊರತು ಎಂಜಿನ್ನು, ಡಬ್ಬಿ, ನಿಲ್ದಾಣ, ಮನುಷ್ಯ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕೆಂಬ ಹಟ ಇನ್ನೂ ಬಂದಿರಲಿಲ್ಲ. ಪ್ರಮಾಣದ ಲೆಕ್ಕವನ್ನು ತರಗತಿಯಲ್ಲಿ ನೀವೆಲ್ಲ ಮಾಡಿದ್ದೀರಿ. 1:87 ಎಂದರೆ ನಿಜವಾದ 87 ಮಿಲಿಮೀಟರಿಗೆ ಮಾದರಿಯಲ್ಲಿ ಒಂದು ಮಿಲಿಮೀಟರ್. 174 ಸೆಂಟಿಮೀಟರ್ ಎತ್ತರದ ಆಳು ಆ ಲೋಕದಲ್ಲಿ ಸರಿಯಾಗಿ ಎರಡು ಸೆಂಟಿಮೀಟರ್ ಆಗುತ್ತಾನೆ. ಸೊನ್ನೆ ಗೇಜಿನ ಸುಮಾರು ಅರ್ಧದಷ್ಟಿರುವ, 16.5 ಮಿಲಿಮೀಟರ್ ಅಗಲದ ಹಳಿಗಳ ರೈಲು 1922ರಲ್ಲಿ ಬಂದಾಗ, ಊಟದ ಮೇಜಿನ ಮೇಲೆಯೇ ಒಂದು ರೈಲುಮಾರ್ಗವನ್ನು ಹಾಕಬಹುದೆಂದು ಜನಕ್ಕೆ ಗೊತ್ತಾಯಿತು. 16.5ನ್ನು 87ರಿಂದ ಗುಣಿಸಿ ನೋಡಿ: 1435 ಮಿಲಿಮೀಟರ್ ಮತ್ತು ಸ್ವಲ್ಪ. ಇಂಗ್ಲೆಂಡ್, ಜರ್ಮನಿ, ಅಮೆರಿಕಗಳ ನಿಜವಾದ ಹಳಿಗಳ ಅಂತರ ಅಷ್ಟೇ. ಹೀಗೆ 1:87ರ ಪ್ರಮಾಣವು ಆ ಹಳಿಗೆ ಬೆರಳಿಗೆ ಉಂಗುರದಂತೆ ಹೊಂದಿಕೊಂಡಿತು. ಇದಕ್ಕೆ ‘ಅರ್ಧ ಸೊನ್ನೆ’ ಎಂಬ ಅರ್ಥದಲ್ಲಿ ಎಚ್ ಓ ಎಂದು ಹೆಸರಾಯಿತು.

ಆದರೆ ಇಂಗ್ಲೆಂಡಿನ ಎಂಜಿನ್ನುಗಳು ಯೂರೋಪಿನ ಎಂಜಿನ್ನುಗಳಿಗಿಂತ ಗಾತ್ರದಲ್ಲಿ ಚಿಕ್ಕವು. ಅವನ್ನು 87ರಲ್ಲೊಂದು ಭಾಗಕ್ಕೆ ಇಳಿಸಿದರೆ ಅಂದಿನ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಅಲ್ಲಿನವರು ಹಳಿಯನ್ನು ಹಾಗೆಯೇ ಬಿಟ್ಟು, ಎಂಜಿನ್ನಿನ ಪ್ರಮಾಣವನ್ನು ಮಾತ್ರ 1:76ಕ್ಕೆ ಹಿಗ್ಗಿಸಿದರು. ಇದೇ ಓ ಓ. 1938ರ ಹಾರ್ನ್‌ಬಿ ಡಬ್ಲೊ ರೈಲುಗಳಿಂದ ಅದು ಇಂಗ್ಲೆಂಡಿನಲ್ಲಿ ಬೇರೂರಿತು. ಈ ಪ್ರಮಾಣದಲ್ಲಿ ಹಳಿಗಳ ಅಂತರ ಸುಮಾರು 1257 ಮಿಲಿಮೀಟರಿಗೆ ಸಮ. ಎಂದರೆ ನಿಜಕ್ಕಿಂತ ಒಂದು ಗೇಣಿನಷ್ಟು ಕಡಿಮೆ. ಮೋಟಾರಿಗಾಗಿ ಮಾಡಿಕೊಂಡ ಈ ರಾಜಿಯನ್ನು, ಮೋಟಾರುಗಳು ಬಟಾಣಿಗಾತ್ರಕ್ಕೆ ಇಳಿದಿರುವ ಈ ಕಾಲದಲ್ಲಿಯೂ ಬ್ರಿಟನ್ ಬಿಟ್ಟಿಲ್ಲ. ಒಮ್ಮೆ ರೂಢಿಗೆ ಬಂದ ಅಳತೆಯನ್ನು ಬದಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗಲಾರದು.

ರೈಲಿನ ಜೊತೆಜೊತೆಗೇ ಬೆಳೆದದ್ದು ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಕಿಟ್ಟುಗಳ ಹವ್ಯಾಸ. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ವಿಮಾನಗಳ ಮಾದರಿಗೆ 1:72 ಎಂಬ ಪ್ರಮಾಣ ನೆಲೆಗೊಂಡಿತು. ಆರು ಅಡಿಗೆ ಒಂದು ಅಂಗುಲವೆಂಬುದೇ ಅದರ ಸರಳ ಆಧಾರ. 1936ರಲ್ಲಿ ಫ್ರಾಗ್ ಸಂಸ್ಥೆಯವರು ಪೂರ್ಣವಾಗಿ ಪ್ಲಾಸ್ಟಿಕ್ಕಿನಿಂದಾದ ಕಿಟ್ಟುಗಳನ್ನು ತಂದರು. ಅವರ ಉಳಿದ ವಿಮಾನಗಳು ಹಾರುವಂಥವು, ಇವು ಹಾರದಂಥವು. ಆದ್ದರಿಂದ ಇವಕ್ಕೆ ಹಾರಲಾರದ ಹಕ್ಕಿಯಾದ ಪೆಂಗ್ವಿನ್ ಹೆಸರನ್ನು ಇಟ್ಟರು.

ಎರಡನೆಯ ಮಹಾಯುದ್ಧದಲ್ಲಿ ಈ ಆಟದ ಪ್ರಮಾಣಕ್ಕೆ ಗಂಭೀರವಾದ ಕೆಲಸ ಬಿತ್ತು. ಆಕಾಶದಲ್ಲಿ ಕಾಣುವ ವಿಮಾನ ಶತ್ರುವಿನದೋ ಮಿತ್ರನದೋ ಎಂದು ಕ್ಷಣದಲ್ಲಿ ಗುರುತಿಸಲು ಸೈನಿಕರಿಗೆ ತರಬೇತಿ ಬೇಕಾಗಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ದೇಶದ ಶಾಲಾ ವಿದ್ಯಾರ್ಥಿಗಳಿಂದ ಐದು ಲಕ್ಷ ಮಾದರಿಗಳನ್ನು ಕೇಳಿತು. ಮಕ್ಕಳು ನಕ್ಷೆಯ ಪ್ರಕಾರ ಮರವನ್ನು ಕೆತ್ತಿ, ಉಜ್ಜಿ, ಕಪ್ಪು ಬಣ್ಣ ಹಚ್ಚಿ ಕಳುಹಿಸಿದರು. 1:72ರ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ಅದು ಸುಮಾರು ಅರ್ಧ ಮೈಲಿ ದೂರದ ನಿಜವಾದ ವಿಮಾನದಂತೆ ಕಾಣುತ್ತದೆ. 35ನ್ನು 72ರಿಂದ ಗುಣಿಸಿದರೆ ಕಾರಣ ತಿಳಿಯುತ್ತದೆ. ರೆಕ್ಕೆಯ ಆಕಾರ ತುಸು ತಪ್ಪಿದರೂ ಮಿತ್ರನ ವಿಮಾನಕ್ಕೆ ಗುಂಡು ಬೀಳಬಹುದಾಗಿತ್ತು. ಹನ್ನೆರಡು ಹದಿಮೂರು ವರ್ಷದ ಮಕ್ಕಳ ಕೈಗೆ ಅಳತೆಯ ನಿಷ್ಠೆಯನ್ನು ಇಷ್ಟು ನಂಬಿಕೆಯಿಂದ ಒಪ್ಪಿಸಿದ ಸಂದರ್ಭ ಶಿಕ್ಷಣದ ಚರಿತ್ರೆಯಲ್ಲಿಯೂ ಅಪರೂಪ.

ಯುದ್ಧಾನಂತರ ಈ ಹವ್ಯಾಸವನ್ನು ಬಡವರ ಮನೆಗೂ ಮುಟ್ಟಿಸಿದವರು ಏರ್‌ಫಿಕ್ಸ್ ಸಂಸ್ಥೆಯವರು. ಹಂಗೆರಿಯಿಂದ ನಿರಾಶ್ರಿತರಾಗಿ ಬಂದ ನಿಕೊಲಸ್ ಕೋವ್ ಎಂಬವರು 1939ರಲ್ಲಿ ಇದನ್ನು ಸ್ಥಾಪಿಸಿದಾಗ ತಯಾರಾಗುತ್ತಿದ್ದುದು ಗಾಳಿ ತುಂಬುವ ರಬ್ಬರಿನ ಆಟಿಕೆಗಳು. ಆಮೇಲೆ ಪ್ಲಾಸ್ಟಿಕ್ ಬಾಚಣಿಗೆಗಳು. 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರಿನ ಪುಟ್ಟ ಮಾದರಿಯನ್ನು ಪ್ರಚಾರಕ್ಕಾಗಿ ಮಾಡಿಕೊಟ್ಟದ್ದು ಅವರ ದಾರಿಯನ್ನು ಬದಲಿಸಿತು. 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಕಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ, ಎರಡು ಶಿಲಿಂಗಿಗೆ ವುಲ್‌ವರ್ತ್ ಅಂಗಡಿಗಳಲ್ಲಿ ಮಾರಾಟವಾಯಿತು. ಜಪಾನಿನ ತಾಮಿಯಾ ಸಂಸ್ಥೆಯ ಕಥೆಯೂ ಹೀಗೆಯೇ: ಮರದ ವ್ಯಾಪಾರದಿಂದ ಹುಟ್ಟಿ, 1960ರ ದಶಕದ ಆರಂಭದಲ್ಲಿ ಮೋಟಾರು, ಬ್ಯಾಟರಿಗಳು ಒಳಗೆ ಹಿಡಿಸುವಂತೆ ಒಂದು ಟ್ಯಾಂಕನ್ನು ಮಾಡಿತು. ಅದರ ಪ್ರಮಾಣವನ್ನು ಲೆಕ್ಕ ಹಾಕಿದಾಗ 1:35 ಬಂದಿತು. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಸಂಖ್ಯೆ ಇಂದು ಸೈನಿಕ ವಾಹನಗಳ ಮಾದರಿಗಳಿಗೆಲ್ಲ ಒಂದು ವಿಶ್ವಮಾನ್ಯ ಅಳತೆ.

ಇಲ್ಲಿಯವರೆಗೆ ಹೇಳಿದ್ದು ಅಳತೆ ನೆಲೆಗೊಂಡ ಬಗೆ. ಆ ಅಳತೆಯಿಂದ ಏನನ್ನು ಸಾಧಿಸಬಹುದೆಂದು ತೋರಿಸಿಕೊಟ್ಟವರು ಇಬ್ಬರು. ಒಬ್ಬರು ಜಾನ್ ಆಹರ್ನ್. 1930ರ ದಶಕದ ಕೊನೆಯಲ್ಲಿ ಅವರು ‘ಮ್ಯಾಡರ್ ವ್ಯಾಲಿ’ ಎಂಬ ಕಲ್ಪಿತ ಕಣಿವೆಯ ರೈಲುಮಾರ್ಗವನ್ನು ಕಟ್ಟತೊಡಗಿದರು. ಅದುವರೆಗೆ ರೈಲೇ ಪ್ರಧಾನವಾಗಿದ್ದ ಕಡೆ ಅವರು ಊರು, ಬೀದಿ, ಬೆಟ್ಟ, ಹೊಳೆಗಳನ್ನು ತಂದು, ರೈಲನ್ನು ಅವುಗಳ ನಡುವೆ ಸಹಜವಾಗಿ ಹರಿಯಬಿಟ್ಟರು.

ಇನ್ನೊಬ್ಬರು ರಾಯ್ ಇಂಗ್ಲೆಂಡ್. ಹೆಸರು ಇಂಗ್ಲೆಂಡ್ ಆದರೂ ಊರು ಆಸ್ಟ್ರೇಲಿಯಾ. 1925ರಲ್ಲಿ ತರುಣರಾಗಿ ಇಂಗ್ಲೆಂಡಿಗೆ ಬಂದ ಅವರು ‘ವೇಲ್ ಆಫ್ ವೈಟ್ ಹಾರ್ಸ್’ ಎಂಬ ಕಣಿವೆಯ ಹಳ್ಳಿಗಳಿಗೆ ಮನಸೋತರು. ಆದರೆ ಅವರ ಕಣ್ಣೆದುರಿಗೇ ಹುಲ್ಲುಮಾಡುಗಳು ಹೋಗಿ ತಗಡುಗಳು ಬರುತ್ತಿದ್ದವು, ಹಳೆಯ ಮನೆಗಳು ಉರುಳುತ್ತಿದ್ದವು. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಇದು ದಿನನಿತ್ಯದ ಸಂಗತಿ. ಹೊರಗಿನಿಂದ ಬಂದವರಿಗೆ ಅದು ಕಣ್ಮರೆಯಾಗುತ್ತಿರುವ ಒಂದು ಲೋಕ. ಮನೆಗಳನ್ನು ಉಳಿಸುವ ಶಕ್ತಿ ಅವರಿಗಿರಲಿಲ್ಲ. ಅವುಗಳನ್ನು ಅಳೆದು, ಬಣ್ಣಗಳನ್ನು ಗುರುತು ಹಾಕಿಕೊಂಡು, 1:76ರ ಪ್ರಮಾಣದಲ್ಲಿ ರಟ್ಟಿನಿಂದ ಮತ್ತೆ ಕಟ್ಟಲು ಅವರು ತೊಡಗಿದರು. ಇಟ್ಟಿಗೆಗೊಂದರಂತೆ ಜಲವರ್ಣದ ಕುಂಚ. ಹುಲ್ಲುಮಾಡಿಗೆ ನಲ್ಲಿ ಕೆಲಸದವರು ಬಳಸುವ ಸೆಣಬಿನ ನಾರು. ಒಂದೊಂದು ಮನೆಗೆ ನೂರಾರು ಗಂಟೆಗಳ ಕೆಲಸ. 1954ರಲ್ಲಿ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಆರಂಭವಾದ ಅವರ ಪೆಂಡನ್ ಸಂಗ್ರಹಾಲಯದಲ್ಲಿ 1920–30ರ ದಶಕಗಳ ಆ ಕಣಿವೆ ಹೊಲ, ತೋಟ, ರೈಲುಸಮೇತ ಉಳಿದಿದೆ. ಆಹರ್ನ್ ಅವರ ಮ್ಯಾಡರ್ ವ್ಯಾಲಿಯೂ ಅಲ್ಲಿಯೇ ಆಶ್ರಯ ಪಡೆದಿದೆ. ರಾಯ್ 1995ರಲ್ಲಿ ತೀರಿಕೊಂಡರು. ಸ್ವಯಂಸೇವಕರು ಆ ಕೆಲಸವನ್ನು ಮುಂದುವರಿಸಿದರು. ಆಟಿಕೆ ದಾಖಲೆಯಾದದ್ದು ಹೀಗೆ.

ಈಗ ನಮ್ಮ ದೇಶಕ್ಕೆ ಬರೋಣ. ಪುಣೆಯಲ್ಲಿ ಭಾವುಸಾಹೇಬ್ ಜೋಶಿಯವರ ಜೀವಮಾನದ ಹವ್ಯಾಸದ ಫಲವಾಗಿ 1998ರಲ್ಲಿ ಆರಂಭವಾದ ಪುಟ್ಟ ರೈಲುಗಳ ಸಂಗ್ರಹಾಲಯವಿದೆ. ಅಲ್ಲಿ 1:87ರ ರೈಲುಗಳು ಒಂದು ಇಡೀ ನಗರದ ನಡುವೆ ಓಡುತ್ತವೆ. ಆದರೆ ಭಾರತದ ರೈಲನ್ನೇ ಮಾಡಹೊರಟವರಿಗೆ ಲೆಕ್ಕದ ತೊಡಕೊಂದು ಎದುರಾಗುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಹೆಚ್ಚು. ಅಂಗಡಿಯಲ್ಲಿ ಸಿಗುವ ಹಳಿಯೋ 16.5. ನಮ್ಮ ರೈಲು ಆ ಹಳಿಯ ಮೇಲೆ ಬಿಗಿಯಾದ ಚಪ್ಪಲಿ ಮೆಟ್ಟಿದಂತೆ ನಿಲ್ಲುತ್ತದೆ. ಸ್ವಾರಸ್ಯವೆಂದರೆ, ನಾವು ಕಳೆದುಕೊಂಡ ಮೀಟರ್‌ಗೇಜಿಗೆ ಈ ಕಷ್ಟವಿಲ್ಲ. 1000ವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಯೂರೋಪಿನ ಮೀಟರ್‌ಗೇಜ್ ಮಾದರಿಗಳಿಗಾಗಿ 12 ಮಿಲಿಮೀಟರಿನ ಹಳಿಗಳು ಸಿದ್ಧವಾಗಿಯೇ ಸಿಗುತ್ತವೆ. ಯಲಹಂಕದಿಂದ ಕೋಲಾರದ ಮೇಲೆ ಬಂಗಾರಪೇಟೆಗೆ ಹೋಗುತ್ತಿದ್ದ 762 ಮಿಲಿಮೀಟರಿನ ನ್ಯಾರೋಗೇಜ್ ರೈಲಿಗೆ 9 ಮಿಲಿಮೀಟರಿನ ಹಳಿ ಒಪ್ಪುತ್ತದೆ.

1992ರಲ್ಲಿ ಏಕಗೇಜ್ ಯೋಜನೆ ಆರಂಭವಾದ ಮೇಲೆ ಕರ್ನಾಟಕದ ಮೀಟರ್‌ಗೇಜ್ ಮಾರ್ಗಗಳು ಒಂದೊಂದಾಗಿ ಬದಲಾದವು. ಪ್ರಯಾಣ ಸುಗಮವಾಯಿತು; ಅದನ್ನು ಹಳಿಯುವ ಕಾರಣವಿಲ್ಲ. ಮೈಸೂರಿನಲ್ಲಿ 1979ರಲ್ಲಿ ತೆರೆದ ರೈಲು ಸಂಗ್ರಹಾಲಯದಲ್ಲಿ ಎಂಜಿನ್ನುಗಳೂ ಮಹಾರಾಣಿಯವರ ಡಬ್ಬಿಯೂ ಭದ್ರವಾಗಿವೆ. ಆದರೆ ಸಂಗ್ರಹಾಲಯಕ್ಕೆ ಎಂಜಿನ್ನನ್ನು ತರಬಹುದು, ಊರನ್ನು ತರಲಾಗದು. ಮಂಗಳೂರು ಹೆಂಚಿನ ನಿಲ್ದಾಣ, ನೀರು ತುಂಬುವ ಕಂಬ, ಟಿಕೇಟಿನ ಕಿಂಡಿ, ಗೇಟಿನ ಬಳಿಯ ಕಾವಲುಗಾರನ ಗುಡಿಸಲು, ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿ ಬಸ್ಸಿನಂತೆಯೇ ಓಡುತ್ತಿದ್ದ ರೈಲುಬಸ್ಸು: ಇವೆಲ್ಲ ಒಂದರ ಪಕ್ಕದಲ್ಲೊಂದು ಹೇಗಿದ್ದವೆಂಬುದನ್ನು ಫೋಟೋ ತುಣುಕು ತುಣುಕಾಗಿ ಹೇಳೀತು. ಪೂರ್ಣವಾಗಿ, ಸುತ್ತಲಿಂದಲೂ ನೋಡುವಂತೆ ಹೇಳಬಲ್ಲದ್ದು ಅಳತೆಯ ಮಾದರಿ ಮಾತ್ರ.

ಮನೆಯಲ್ಲಿ ಇದನ್ನು ಮಾಡಬಯಸುವವರಿಗೆ ಎರಡು ಮಾತು. ಈ ಹವ್ಯಾಸದವರು ಇಡೀ ರಚನೆಯನ್ನು ಲೇಔಟ್ ಎನ್ನುತ್ತಾರೆ. ನಮ್ಮವರಿಗೆ ಆ ಶಬ್ದ ಕೇಳಿದೊಡನೆ ನಿವೇಶನದ ನೆನಪಾಗುತ್ತದೆ. ಇಲ್ಲಿಯೂ ತೊಂದರೆ ಸ್ಥಳದ್ದೇ. ನಮ್ಮ ಬ್ರಾಡ್‌ಗೇಜಿನ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರ್. 1:87ರಲ್ಲಿ ಅದು ಎರಡು ಮೀಟರ್. ಪೂರ್ಣ ವೃತ್ತಕ್ಕೆ ನಾಲ್ಕು ಮೀಟರ್ ಅಗಲದ ಕೋಣೆ ಬೇಕು. ಆದ್ದರಿಂದ ಮನೆಯ ರೈಲುಮಾರ್ಗಗಳೆಲ್ಲ ತಿರುವಿನಲ್ಲಿ ಸುಳ್ಳು ಹೇಳುತ್ತವೆ. ಆ ಸುಳ್ಳನ್ನು ಒಂದು ಗುಡ್ಡದಿಂದಲೋ ಸುರಂಗದಿಂದಲೋ ಮರೆಮಾಡುವುದು ಎಲ್ಲೆಡೆಯ ಪದ್ಧತಿ. ತಿರುವೇ ಬೇಡವೆಂದರೆ ಪ್ಲೈವುಡ್ಡಿನ ಉದ್ದನೆಯ ಹಲಗೆಯ ಮೇಲೆ ಒಂದು ನಿಲ್ದಾಣವನ್ನಷ್ಟೇ ಮಾಡಬಹುದು. ಸಾಮಗ್ರಿ ದುಬಾರಿಯೇನಲ್ಲ. ಹಳೆಯ ಲಗ್ನಪತ್ರಿಕೆಗಳ ರಟ್ಟು ಗೋಡೆಗೆ, ಬೆಂಕಿಕಡ್ಡಿ ಬಾಗಿಲು ಕಿಟಕಿಗಳ ಚೌಕಟ್ಟಿಗೆ, ಜರಡಿ ಹಿಡಿದ ಮರಳು ಜಲ್ಲಿಗೆ, ಹಸಿರು ಬಣ್ಣ ಕಲಸಿದ ಮರದ ಹೊಟ್ಟು ಹುಲ್ಲಿಗೆ ಸಾಕು. ಸುಮಾರು 40 ಸೆಂಟಿಮೀಟರ್ ಉದ್ದದ ಮಂಗಳೂರು ಹೆಂಚು ಐದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಅದಕ್ಕೆ ಮಾತ್ರ ತಾಳ್ಮೆ ಬೇಕು.

ಸಾಮಗ್ರಿಗಿಂತ ಮೊದಲು ಬೇಕಾದದ್ದು ಅಳತೆ. ರಟ್ಟನ್ನು ನಾಳೆ ಕೊಳ್ಳಬಹುದು, ಮುಂದಿನ ವರ್ಷವೂ ಕೊಳ್ಳಬಹುದು. ಉರುಳಿಹೋದ ಗೋಡೆಯನ್ನು ಅಳೆಯಲಾಗದು. ನಿಮ್ಮ ಊರಿನಲ್ಲಿ ಹಳೆಯ ನಿಲ್ದಾಣವೋ, ಶಾಲೆಯೋ, ತೊಟ್ಟಿಮನೆಯೋ ಇನ್ನೂ ನಿಂತಿದ್ದರೆ, ಮುಂದಿನ ಸಲ ಊರಿಗೆ ಹೋದಾಗ ಸಂಬಂಧಪಟ್ಟವರ ಅನುಮತಿ ಕೇಳಿ, ಟೇಪು ಹಿಡಿದು ಮಕ್ಕಳೊಂದಿಗೆ ಅದನ್ನು ಅಳೆಯಿರಿ. ಬಾಗಿಲಿನ ಎತ್ತರ, ಕಂಬಗಳ ಅಂತರ, ಮೆಟ್ಟಿಲುಗಳ ಸಂಖ್ಯೆ, ಗೋಡೆಯ ಬಣ್ಣ ಎಲ್ಲವನ್ನೂ ಒಂದು ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಡಿ. ಮಾದರಿಯನ್ನು ನೀವೇ ಕಟ್ಟದಿದ್ದರೂ ಚಿಂತೆಯಿಲ್ಲ. ಆ ಪುಸ್ತಕವಿದ್ದರೆ ಮುಂದೆ ಯಾರಾದರೂ ಕಟ್ಟಿಯಾರು.