ರಿಮೂವ್

ತೆಗೆ, ನಿವಾರಿಸು ಎಂಬರ್ಥದ ಇಂಗ್ಲಿಷ್ ಕ್ರಿಯಾಪದ. ಲ್ಯಾಟಿನ್ನಿನ ‘ರೆಮೊವೆರೆ’ ಇದರ ಮೂಲ. ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ‘ಮೊವೆರೆ’ ಎಂದರೆ ಸರಿಸು. ಹಾಗಾಗಿ ಮೂಲದಲ್ಲಿರುವುದು ನಾಶವಲ್ಲ, ಸ್ಥಳಾಂತರ. ಹಿಂದೆ ಮನೆ ಬದಲಿಸುವುದಕ್ಕೂ ಇದೇ ಪದವಿತ್ತು; ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನಲ್ಲಿ ಕಾಡು ‘ರಿಮೂವ್’ ಆಗುವುದೆಂದರೆ ಜಾಗ ಬಿಟ್ಟು ಚಲಿಸುವುದು.

ಟೋಪಿ, ಕಲೆ, ಗೆಡ್ಡೆ, ಅಧಿಕಾರಿ ಎಲ್ಲಕ್ಕೂ ಇಂಗ್ಲಿಷಿಗೆ ಈ ಒಂದು ಪದ ಸಾಕು. ಕನ್ನಡದಲ್ಲಿ ಹಾಗಲ್ಲ: ಚಪ್ಪಲಿ ಬಿಡುತ್ತೇವೆ, ಅಂಗಿ ಬಿಚ್ಚುತ್ತೇವೆ, ಕಳೆ ಕೀಳುತ್ತೇವೆ, ಸಿಪ್ಪೆ ಸುಲಿಯುತ್ತೇವೆ, ಬರೆದದ್ದನ್ನು ಅಳಿಸುತ್ತೇವೆ, ನೌಕರನನ್ನು ವಜಾ ಮಾಡುತ್ತೇವೆ. ಕೈಯ ಚಲನೆ ಬದಲಾದಂತೆ ಕ್ರಿಯಾಪದವೂ ಬದಲಾಗುವುದು ನಮ್ಮ ನುಡಿಯ ದೊಡ್ಡ ಸಿರಿ. ಅನುವಾದಕರು ಎಲ್ಲೆಡೆ ‘ತೆಗೆದುಹಾಕು’ ಎಂದು ಬರೆಯದೆ, ಏನನ್ನು ಹೇಗೆ ತೆಗೆಯುತ್ತಾರೆಂದು ನೋಡಿ ಪದ ಆರಿಸಬೇಕು.