ಪದವಿಗೆ ನಿವೃತ್ತಿಯುಂಟೆ? ಯೋಧನ ಬಿರುದು ಮತ್ತು ಸಂಬೋಧನೆ

‘ನಿವೃತ್ತ ಮೇಜರ್’, ‘ನಿವೃತ್ತ ಕರ್ನಲ್’ ಎಂದು ಬರೆಯುವುದು ಕನ್ನಡ ಪತ್ರಿಕೆಗಳ ರೂಢಿ. ‘ನಿವೃತ್ತ ಮುಖ್ಯೋಪಾಧ್ಯಾಯ’, ‘ನಿವೃತ್ತ ತಹಶೀಲ್ದಾರ್’ ಎಂಬ ಪ್ರಯೋಗಗಳ ಜಾಡಿನಲ್ಲಿಯೇ ಇದೂ ಸಾಗಿದೆ. ವಿಶೇಷಣ ಮೊದಲು, ವಿಶೇಷ್ಯ ಅನಂತರ ಎಂಬುದು ಕನ್ನಡದ ಜಾಯಮಾನವಾದ್ದರಿಂದ ವ್ಯಾಕರಣಕ್ಕೆ ಇಲ್ಲಿ ತಕರಾರಿಲ್ಲ. ಆದರೆ ಭಾರತೀಯ ಸೇನೆಯ ಸಂಪ್ರದಾಯ ಬೇರೆ. ಸೇವೆಯಿಂದ ಬಿಡುಗಡೆಯಾದ ಅಧಿಕಾರಿಯನ್ನು ಉಲ್ಲೇಖಿಸುವಾಗ ಪದವಿ ಮೊದಲು, ಹೆಸರು ಅನಂತರ, ‘ನಿವೃತ್ತ’ ಎಂಬುದು ಕೊನೆಯಲ್ಲಿ ಆವರಣದೊಳಗೆ ಬರಬೇಕು. ನಿವೃತ್ತನಾಗುವವನು ವ್ಯಕ್ತಿ, ಪದವಿಗೆ ನಿವೃತ್ತಿಯಿಲ್ಲ ಎಂಬುದು ಇದರ ಹಿಂದಿನ ತರ್ಕ. ಒಂದು ಪದದ ಸ್ಥಾನಪಲ್ಲಟದಲ್ಲಿ ಅಡಗಿರುವ ಈ ವಿಚಾರ ಕನ್ನಡ ನಾಡಿಗೆ ಹೊಸದೇನಲ್ಲ. ಹುದ್ದೆ ಬೇರೆ, ಬಿರುದು ಬೇರೆ ಎಂಬ ವಿವೇಕವನ್ನು ನಮ್ಮ ಶಾಸನಗಳೂ ಕಾವ್ಯಗಳೂ ಸಾವಿರ ವರ್ಷಗಳಿಂದ ಕಾಪಾಡಿಕೊಂಡು ಬಂದಿವೆ.

ಗಂಗರ ಮಾರಸಿಂಹ ಮತ್ತು ರಾಚಮಲ್ಲರ ಆಳ್ವಿಕೆಯಲ್ಲಿ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನನ್ನು ನೋಡಬಹುದು. 978ರಲ್ಲಿ ರಚಿತವಾದ ‘ಚಾವುಂಡರಾಯಪುರಾಣ’ ಅವನ ಬಿರುದುಗಳನ್ನು ಪಟ್ಟಿ ಮಾಡುವುದಷ್ಟೇ ಅಲ್ಲ, ಒಂದೊಂದೂ ಯಾವ ಕಾಳಗದಿಂದ ಬಂತೆಂಬುದನ್ನೂ ಹೇಳುತ್ತದೆ. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಗೆದ್ದುದಕ್ಕೆ ಸಮರಧುರಂಧರ, ಗೋನೂರ ಬಯಲಿನಲ್ಲಿ ನೊಳಂಬರೊಡನೆ ಹೋರಿದುದಕ್ಕೆ ವೀರಮಾರ್ತಂಡ, ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿದುದಕ್ಕೆ ರಣರಂಗಸಿಂಗ, ತಮ್ಮನಾದ ನಾಗವರ್ಮನನ್ನು ಕೊಂದವನನ್ನು ಸಂಹರಿಸಿದುದಕ್ಕೆ ಸಮರಪರಶುರಾಮ. ಸೇನಾಪತಿಯ ಹುದ್ದೆಯನ್ನು ಕೊಟ್ಟ ಅರಸನು ಅದನ್ನು ಹಿಂದಕ್ಕೆ ಪಡೆಯಬಲ್ಲ, ಇನ್ನೊಬ್ಬನಿಗೆ ವಹಿಸಬಲ್ಲ. ಗೋನೂರಿನ ಬಯಲಿನಲ್ಲಿ ನಡೆದುಹೋದ ಕಾರ್ಯವನ್ನು ಹಿಂದಕ್ಕೆ ಪಡೆಯಲು ಯಾರಿಂದಲೂ ಆಗದು. ಬಿರುದು ನಡೆದುದರ ಸಾಕ್ಷ್ಯವಾದ್ದರಿಂದ ಅದಕ್ಕೆ ಅವಧಿಯಿಲ್ಲ.

ಈ ರಣಬಿರುದುಗಳ ಜೊತೆಗೇ ಸಮ್ಯಕ್ತ್ವರತ್ನಾಕರ, ಶೌಚಾಭರಣ, ಸತ್ಯಯುಧಿಷ್ಠಿರ, ಗುಣರತ್ನಭೂಷಣ, ಕವಿಜನಶೇಖರ ಎಂಬ ಮತ್ತೊಂದು ಸಾಲೂ ಉಂಟು. ಇವು ಯುದ್ಧಭೂಮಿಯ ಆಚೆಗಿನ ಬದುಕಿಗೆ ಸಂದ ಹೆಸರುಗಳು. ಇವೆರಡರಲ್ಲಿ ಯಾವುದು ಉಳಿಯಿತು ಎಂಬ ಪ್ರಶ್ನೆಗೆ ವಿಂಧ್ಯಗಿರಿಯೇ ಉತ್ತರ ಹೇಳುತ್ತದೆ. ತ್ಯಾಗದ ಬ್ರಹ್ಮದೇವರ ಕಂಬದ ಶಾಸನ ಅವನ ಸಮರಸಾಹಸಗಳನ್ನು ವರ್ಣಿಸುತ್ತಿತ್ತು. ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನ ಶಾಸನವನ್ನು ಬರೆಸಲು ಅದರ ಬಹುಭಾಗವನ್ನು ಅಳಿಸಿಹಾಕಿದ. ಗೊಮ್ಮಟನ ಪಾದದ ಬಳಿಯ ಕಿರು ಬರಹಗಳಲ್ಲಾದರೋ ಹೆಸರು, ಮಾಡಿಸಿದನೆಂಬ ಕ್ರಿಯೆ, ಇಷ್ಟೇ. ಒಂದು ರಣಬಿರುದೂ ಅಲ್ಲಿಲ್ಲ. ಅವು ಇಂದಿಗೂ ಅಳಿಯದೆ ನಿಂತಿವೆ. ‘ಗೊಮ್ಮಟ’ ಎಂಬುದು ಚಾವುಂಡರಾಯನ ಮನೆಯ ಹೆಸರಾಗಿತ್ತೆಂದೂ ಅದರಿಂದಲೇ ಮೂರ್ತಿಗೆ ಗೊಮ್ಮಟೇಶ್ವರನೆಂಬ ಹೆಸರು ಬಂದಿತೆಂದೂ ಆ. ನೇ. ಉಪಾಧ್ಯೆಯವರು ವಾದಿಸಿದ್ದಾರೆ. ಈ ವಾದವನ್ನು ಒಪ್ಪುವುದಾದರೆ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ತಮ್ಮ ‘ಗೊಮ್ಮಟಸಾರ’ಕ್ಕೆ ಆರಿಸಿಕೊಂಡದ್ದು ಮನೆಯವರು ಕರೆಯುತ್ತಿದ್ದ ಹೆಸರನ್ನು, ಕಾಳಗದ ಬಿರುದನ್ನಲ್ಲ.

ಹೊಯ್ಸಳರ ಕಾಲದಲ್ಲಿ ಬಿರುದು ಕಟ್ಟಡಕ್ಕೂ ಹೆಸರಾಯಿತು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರಿಂದ ತಲಕಾಡನ್ನು ಬಿಡಿಸಿದವನು. ದ್ರೋಹಿಗಳನ್ನು ಅರೆಯುವ ಬೀಸುಗಲ್ಲು ಎಂಬರ್ಥದ ‘ದ್ರೋಹಘರಟ್ಟ’ ಅವನ ಬಿರುದು. ಅವನು ತೀರಿಕೊಂಡ ಮೇಲೆ ಮಗ ಬೊಪ್ಪ ದೋರಸಮುದ್ರದಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ ಬಸದಿ 1133ರಲ್ಲಿ ದ್ರೋಹಘರಟ್ಟ ಜಿನಾಲಯವೆಂದು ಕರೆಸಿಕೊಂಡಿತು. ದಂಡನಾಯಕತ್ವ ಗಂಗರಾಜನೊಡನೆ ಮುಗಿಯಿತು, ಬಿರುದು ಕಲ್ಲಿನಲ್ಲಿ ನಿಂತಿತು. 1159ರಲ್ಲಿ ಹುಳ್ಳ ದಂಡನಾಯಕ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಯದು ಇನ್ನೂ ಕುತೂಹಲದ ಕಥೆ. ಹುಳ್ಳನಿಗೆ ‘ಸಮ್ಯಕ್ತ್ವಚೂಡಾಮಣಿ’ ಎಂಬ ಬಿರುದಿತ್ತು. ಅದಕ್ಕೆ ಒಪ್ಪುವಂತೆ ಒಂದನೆಯ ನರಸಿಂಹನು ಆ ಬಸದಿಯನ್ನು ‘ಭವ್ಯಚೂಡಾಮಣಿ’ ಎಂದು ಕರೆದ. ಆದರೆ ಜನರ ಬಾಯಲ್ಲಿ ನಿಂತದ್ದು ಹುಳ್ಳನ ಹುದ್ದೆಯನ್ನು ನೆನಪಿಸುವ ‘ಭಂಡಾರಿ ಬಸದಿ’. ಬಿರುದು ಉಳಿಯುತ್ತದೆ, ಹುದ್ದೆ ಅಳಿಯುತ್ತದೆ ಎಂಬ ಸೂತ್ರವನ್ನು ಜನರ ನಾಲಗೆ ಎಲ್ಲ ಕಡೆಯೂ ಪಾಲಿಸುವುದಿಲ್ಲ. ಉತ್ತರ ಕರ್ನಾಟಕದ ದಳವಾಯಿ, ಕಿಲ್ಲೇದಾರ, ಜಮಾದಾರ, ಹವಾಲ್ದಾರ ಮುಂತಾದ ಅಡ್ಡಹೆಸರುಗಳೂ ಇದನ್ನೇ ಹೇಳುತ್ತವೆ. ಒಂದು ಕಾಲದ ಹುದ್ದೆಗಳು ಮನೆತನದ ಹೆಸರುಗಳಾಗಿ, ಕತ್ತಿಯನ್ನೇ ಕಾಣದ ಮೊಮ್ಮಕ್ಕಳಿಗೂ ಅಂಟಿಕೊಂಡಿವೆ.

ಸ್ವತಂತ್ರ ಭಾರತ ಬಿರುದುಗಳ ಪರಂಪರೆಗೆ ತೆರೆಯೆಳೆಯಿತು. ಆದರೆ ಸಂವಿಧಾನದ 18ನೆಯ ವಿಧಿ ಬಿರುದುಗಳನ್ನು ನಿಷೇಧಿಸುವಾಗ ಸೈನಿಕ ಮತ್ತು ಶೈಕ್ಷಣಿಕ ಮನ್ನಣೆಗಳನ್ನು ಹೊರಗಿಟ್ಟಿದೆ. ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳನ್ನು ಹೆಸರಿನ ಜೊತೆ ಬಿರುದಿನಂತೆ ಬಳಸಕೂಡದೆಂದು 1995ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಹೀಗೆ ರಾಜ್ಯವು ಕೊಟ್ಟು, ಪಡೆದವನು ಬದುಕಿರುವವರೆಗೂ ಹೆಸರಿನ ಮುಂದೆ ಧರಿಸಬಹುದಾದ ಗೌರವವಾಗಿ ಸೇನಾಪದವಿ ಉಳಿದುಕೊಂಡಿತು.

ಕೊಡಗಿನ ಕೆ. ಎಂ. ಕಾರ್ಯಪ್ಪನವರ ಬದುಕು ಇದಕ್ಕೆ ಉಜ್ವಲ ನಿದರ್ಶನ. 1949ರ ಜನವರಿ 15ರಂದು ಭಾರತೀಯ ಸೇನೆಯ ಮಹಾದಂಡನಾಯಕರಾದ ಅವರು 1953ರಲ್ಲಿ ನಿವೃತ್ತರಾದರು. ಆಮೇಲೆ ರಾಯಭಾರದ ಹೊಣೆ ಹೊತ್ತಾಗಲೂ, ಮಡಿಕೇರಿಯ ಮನೆಯಲ್ಲಿ ನೆಲೆಸಿದಾಗಲೂ ಜನ ಅವರನ್ನು ‘ಜನರಲ್ ಕಾರ್ಯಪ್ಪ’ ಎಂದೇ ಕರೆದರು. 1986ರಲ್ಲಿ, ನಿವೃತ್ತಿಯ 33 ವರ್ಷಗಳ ತರುವಾಯ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಸಂದಿತು. ಆ ಪದವಿಗೆ ‘ನಿವೃತ್ತ’ ಎಂಬ ಆವರಣವೂ ಬೇಕಿಲ್ಲ, ಅದನ್ನು ಪಡೆದವರು ಜೀವಿತಾವಧಿಯುದ್ದಕ್ಕೂ ಸೇವೆಯಲ್ಲಿರುವರೆಂದೇ ಭಾವನೆ. ಹುದ್ದೆಯಿಲ್ಲದೆಯೂ ಪದವಿ ಇರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇನ್ನು ಸಾಮಾನ್ಯ ಯೋಧನ ವಿಚಾರ. ಅಧಿಕಾರಿಯ ವಿಷಯದಲ್ಲಿ ‘ನಿವೃತ್ತ’ ಎಂಬುದು ಹೆಸರಿನ ಹಿಂದೆ ಸರಿದು ನಿಲ್ಲುತ್ತದೆ. ಆದರೆ ಪಿಂಚಣಿಯ ಕಾಗದಗಳಲ್ಲಿಯೂ ನ್ಯಾಯಾಲಯದ ದಾಖಲೆಗಳಲ್ಲಿಯೂ ಕಾಣುವ ರೂಪಗಳು ‘ಮಾಜಿ ಸಿಪಾಯಿ’, ‘ಮಾಜಿ ಹವಾಲ್ದಾರ್’. ‘ಮಾಜಿ’ ಎಂಬುದು ಗತಿಸಿದ್ದು ಎಂಬರ್ಥದ ಅರಬ್ಬೀ ಮೂಲದ ಪದ, ಅದು ನೇರವಾಗಿ ಪದವಿಯ ನೆತ್ತಿಯ ಮೇಲೆಯೇ ಕೂರುತ್ತದೆ. ಕರ್ನಲ್‌ನ ಪದವಿ ಅವನೊಡನೆ ಮನೆಗೆ ಬರುತ್ತದೆ, ಸಿಪಾಯಿಯದು ಗತಿಸಿಹೋಗುತ್ತದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳಂದು ಸುಬೇದಾರರಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳನ್ನು ನೀಡುವ ಪದ್ಧತಿಯುಂಟು. ಆ ಸೌಭಾಗ್ಯ ಎಲ್ಲರದಲ್ಲ.

ನಮ್ಮ ವೀರಗಲ್ಲುಗಳು ಊರಳಿವಿನಲ್ಲಿ, ತುರುಗೊಳ್‌ನಲ್ಲಿ ಮಡಿದ ಸಾಮಾನ್ಯ ಭಟರ ಹೆಸರುಗಳನ್ನೂ ಕೆತ್ತಿ ಉಳಿಸಿವೆ. ಆದರೆ ಕಲ್ಲಿನ ಗೌರವ ಸಂದದ್ದು ಮುಖ್ಯವಾಗಿ ಮಡಿದವನಿಗೆ. ಕಾದಾಡಿ ಬದುಕಿ ಮನೆಗೆ ಮರಳಿದವನಿಗೆ ಉಳಿಯುವುದು ಊರವರು ಅವನನ್ನು ಕರೆಯುವ ಬಗೆಯೊಂದೇ. ಇಂದಿನ ಹಳ್ಳಿಗಳಲ್ಲಿ ಅವನ ಹೆಸರಿನ ಮುಂದೆ ‘ಮಿಲಿಟರಿ’ ಎಂಬ ಮಾತು ಸೇರಿಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಯಾವ ಕಡತವೂ ದಯಪಾಲಿಸದ, ಯಾವ ಕಡತವೂ ಕಸಿಯಲಾರದ ಬಿರುದು ಅದು. ಅದಕ್ಕೆ ‘ಮಾಜಿ’ ಎಂಬುದನ್ನು ಸೇರಿಸಿ ಯಾರೂ ಕರೆಯುವುದಿಲ್ಲ. ಬಿರುದಿಗೆ ಅವಧಿಯಿಲ್ಲವೆಂಬ ಹಳೆಯ ವಿವೇಕ ಸರ್ಕಾರಿ ಬರಹಕ್ಕಿಂತ ಹೆಚ್ಚಾಗಿ ಈ ಕರೆಯಲ್ಲಿ ಜೀವಂತವಾಗಿದೆ. ಸೈನಿಕರ ಕುರಿತು ಬರೆಯುವವರು ‘ಮಾಜಿ’, ‘ನಿವೃತ್ತ’ಗಳನ್ನು ಎಲ್ಲಿ ಇಡಬೇಕೆಂದು ಯೋಚಿಸುವಾಗ ಇದನ್ನು ನೆನೆಯುವುದು ಲೇಸು.