ಎಲ್ಲ ಫ್ಲೂಗೂ ಒಂದೇ ಲಸಿಕೆ: ಸಂಶೋಧನೆಯ ಹಾದಿ, ಬೆಂಗಳೂರಿನ ಪಾಲು

ಮನುಷ್ಯರಲ್ಲಿ ಫ್ಲೂ ಉಂಟುಮಾಡುವ ಇನ್‌ಫ್ಲುಯೆಂಜಾ ವೈರಾಣುವನ್ನು ಲಂಡನ್ನಿನ ವಿಜ್ಞಾನಿಗಳು 1933ರಲ್ಲಿ ಬೇರ್ಪಡಿಸಿದರು. 1945ರ ಹೊತ್ತಿಗೆ, ಕೋಳಿಮೊಟ್ಟೆಯಲ್ಲಿ ಬೆಳೆಸಿ ನಿಷ್ಕ್ರಿಯಗೊಳಿಸಿದ ವೈರಾಣುವಿನಿಂದ ತಯಾರಾದ ಲಸಿಕೆ ಅಮೆರಿಕದಲ್ಲಿ ಬಳಕೆಗೆ ಬಂದಿತು. ಆದರೆ 1947ರಲ್ಲಿ ಹರಡಿದ ತಳಿ ಹಿಂದಿನದಕ್ಕಿಂತ ಬೇರೆಯಾಗಿದ್ದುದರಿಂದ ಆ ಲಸಿಕೆ ನಿಷ್ಫಲವಾಯಿತು. ವೈರಾಣುವಿನ ಮೇಲ್ಮೈ ಹೀಗೆ ಬದಲಾಗುತ್ತಲೇ ಇರುವ ಕಾರಣ, ವಿಶ್ವ ಆರೋಗ್ಯ ಸಂಸ್ಥೆಯು ಇಂದಿಗೂ ವರ್ಷಕ್ಕೆ ಎರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಮುಂದಿನ ಹಂಗಾಮಿನ ಲಸಿಕೆಯಲ್ಲಿ ಇರಬೇಕಾದ ತಳಿಗಳನ್ನು ಸೂಚಿಸುತ್ತದೆ. ಈ ಅಂದಾಜು ತಪ್ಪಿದ ವರ್ಷ ರಕ್ಷಣೆ ಕುಗ್ಗುತ್ತದೆ.

ಇದರಿಂದ ಹೊರಬರುವ ದಾರಿ ವೈರಾಣುವಿನ ರಚನೆಯಲ್ಲೇ ಇತ್ತು. ವೈರಾಣುವು ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗಲು ಬಳಸುವ ಹೀಮಗ್ಲುಟಿನಿನ್ ಎಂಬ ಪ್ರೊಟೀನಿನ ಮೂರು ಆಯಾಮದ ರಚನೆಯನ್ನು ವಿಲ್ಸನ್, ಸ್ಕೆಹೆಲ್ ಮತ್ತು ವೈಲಿ 1981ರಲ್ಲಿ ಪ್ರಕಟಿಸಿದರು. ಅದರ ತುದಿಯ ಭಾಗವಾದ ತಲೆ ಬೇಗ ಮಾರ್ಪಡುತ್ತದೆ. ಬುಡದ ಭಾಗವಾದ ಕಾಂಡ ಹೆಚ್ಚು ಬದಲಾಗುವುದಿಲ್ಲ. ಕಾಂಡವನ್ನು ಹಿಡಿದು ವೈರಾಣುವಿನ ಹಲವು ಉಪಬಗೆಗಳನ್ನು ತಡೆಯಬಲ್ಲ ಪ್ರತಿಕಾಯವನ್ನು, ಅಂದರೆ ದೇಹದ ರಕ್ಷಕ ಪ್ರೊಟೀನನ್ನು, ಜಪಾನಿನ ಸಂಶೋಧಕರು 1993ರಲ್ಲಿ ಇಲಿಗಳಲ್ಲಿ ಗುರುತಿಸಿದರು. ಅಂಥವು ಮನುಷ್ಯರಲ್ಲೂ ಇವೆಯೆಂದು 2008–09ರ ಅಧ್ಯಯನಗಳು ತೋರಿಸಿದವು. ಆದರೆ ನಮ್ಮ ರೋಗನಿರೋಧಕ ವ್ಯವಸ್ಥೆಯ ಪ್ರತಿಕ್ರಿಯೆಯ ಬಹುಪಾಲು ತಲೆಯ ಮೇಲೆಯೇ ವ್ಯಯವಾಗುತ್ತದೆ. ತಲೆಯನ್ನು ತೆಗೆದುಹಾಕಿದರೆ ಕಾಂಡವು ತನ್ನ ಸಹಜ ಆಕಾರವನ್ನು ಉಳಿಸಿಕೊಳ್ಳುವುದಿಲ್ಲ.

ಬೆಂಗಳೂರಿನ ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಎದುರಿಸಿದ್ದು ಈ ತೊಡಕನ್ನೇ. ಕಾಂಡದ ತುಣುಕುಗಳನ್ನು ಜೋಡಿಸಿ, ಅದು ತಪ್ಪು ಆಕಾರಕ್ಕೆ ಮಡಚಿಕೊಳ್ಳದಂತೆ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ, ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಉತ್ಪಾದಿಸಿದ ಪ್ರೊಟೀನು ಇಲಿಗಳನ್ನು ರಕ್ಷಿಸಿತೆಂದು ತಂಡವು 2010ರಲ್ಲಿ ವರದಿ ಮಾಡಿತು. 2014ರಲ್ಲಿ ಪ್ರಕಟವಾದ ಸುಧಾರಿತ ವಿನ್ಯಾಸವು, ಲಸಿಕೆಗೆ ಆಧಾರವಾದ ತಳಿಗಿಂತ ಭಿನ್ನವಾದ ತಳಿಯ ವಿರುದ್ಧವೂ ಇಲಿಗಳಿಗೆ ರಕ್ಷಣೆ ನೀಡಿತು. ಈ ಪರಂಪರೆಯಿಂದಲೇ 2017ರಲ್ಲಿ ಮಿನ್‌ವ್ಯಾಕ್ಸ್ ಎಂಬ ನವೋದ್ಯಮ ಹುಟ್ಟಿತು.

ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು. ವೈರಾಣುವಿನ ಹಲವು ಪ್ರೊಟೀನುಗಳ ಸ್ಥಿರ ತುಣುಕುಗಳನ್ನು ಕೂಡಿಸಿ ಮಾಡಿದ ಇಸ್ರೇಲಿನ ಎಂ-001 ಲಸಿಕೆ, 12 ಸಾವಿರಕ್ಕೂ ಹೆಚ್ಚು ಜನರು ಪಾಲ್ಗೊಂಡ ಮೂರನೇ ಹಂತದ ಪರೀಕ್ಷೆಯಲ್ಲಿ 2020ರಲ್ಲಿ ವಿಫಲವಾಯಿತು. ಅದೇ ವರ್ಷ, ತಲೆಯ ಭಾಗವನ್ನು ಬದಲಿಸುತ್ತ ಕಾಂಡವನ್ನೇ ಮತ್ತೆ ಮತ್ತೆ ದೇಹಕ್ಕೆ ಪರಿಚಯಿಸುವ ಅಮೆರಿಕದ ವಿನ್ಯಾಸವು ಮೊದಲ ಹಂತದಲ್ಲಿ ಕಾಂಡದ ವಿರುದ್ಧ ಬಲವಾದ ಪ್ರತಿಕಾಯಗಳನ್ನು ಹುಟ್ಟಿಸಿತು. 2022ರಲ್ಲಿ, ವೈರಾಣುವಿನ 20 ಬಗೆಗಳ ಹೀಮಗ್ಲುಟಿನಿನ್ ತಯಾರಿಸುವ ಸೂಚನೆಗಳನ್ನು ಒಟ್ಟಿಗೆ ಹೊತ್ತ ಎಂಆರ್‌ಎನ್‌ಎ ಲಸಿಕೆ ಪ್ರಾಣಿಗಳಲ್ಲಿ ರಕ್ಷಣೆ ನೀಡಿತು. ಪ್ರತಿಕಾಯಗಳು ಮೂಡುವುದಕ್ಕೂ ರೋಗ ತಡೆಯುವುದಕ್ಕೂ ಅಂತರವಿದೆ ಎಂಬುದು ಈ ಕ್ಷೇತ್ರ ಕಲಿತ ಮುಖ್ಯ ಪಾಠ.

ವ್ಯಾಪಕ ರಕ್ಷಣೆಯಷ್ಟೇ ನಮ್ಮಲ್ಲಿ ಸಾಲದು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲವಾದ್ದರಿಂದ, ಬೆಂಗಳೂರಿನ ಬಾಗಲಗುಂಟೆಯಂಥ ಬಡಾವಣೆಯ ವೃದ್ಧರಾಗಲಿ ಉಸಿರಾಟದ ತೊಂದರೆಯುಳ್ಳವರಾಗಲಿ ಸಾಮಾನ್ಯವಾಗಿ ಅದನ್ನು ಹಣ ಕೊಟ್ಟೇ ಪಡೆಯಬೇಕು, ಪ್ರತಿ ವರ್ಷವೂ ಪಡೆಯಬೇಕು. ಮೊಟ್ಟೆಯನ್ನು ಅವಲಂಬಿಸದೆ ಅಗ್ಗವಾಗಿ ತಯಾರಾಗಬಲ್ಲ, ಹಲವು ವರ್ಷ ಬಾಳುವ ಲಸಿಕೆಯೇ ಇವರಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು. ಆದ್ದರಿಂದ ಬೆಂಗಳೂರಿನ ವಿನ್ಯಾಸಗಳು ಮಾನವ ಪರೀಕ್ಷೆಯ ಕೊನೆಯ ಹಂತದವರೆಗೂ ಸಾಗುವಂತೆ ಸಾರ್ವಜನಿಕ ಹಣ ಮತ್ತು ಬೆಂಬಲ ಒದಗಿಸುವುದು ಸರ್ಕಾರದ ಹೊಣೆಯಾಗಬೇಕು.